ಕಿವಿಯುಳ್ಳ ಡೈನೋಸಾರ್

ಗೋರ್ಗೋಗೆ ಕಿವಿ ಇದೆ. 'ಗೋರ್ಗೋ' ಎಂಬ ಆ ಡೈನೋಸಾರ್ ಸಿನಿಮಾ ನೋಡಿದವರು ಮೊದಲು ಎತ್ತುವ ಮಾತು ಇದೇ. ತಲೆಯ ಎರಡೂ ಪಕ್ಕಕ್ಕೆ ಅಗಲವಾಗಿ ಹರಡಿಕೊಂಡ, ಈಜುರೆಕ್ಕೆಯಂಥ ಕಿವಿ. ಪ್ರಾಣಿಗೆ ಸಿಟ್ಟು ಬಂದಾಗ ಕಣ್ಣು ಕೆಂಪಗೆ ಉರಿಯುತ್ತದೆ, ಬಾಯಿ ತೆರೆಯುತ್ತದೆ, ಜೊತೆಗೆ ಈ ಕಿವಿಯೂ ಅಲ್ಲಾಡುತ್ತದೆ. ನೋಡುವವರು ಅಲ್ಲಿಗೇ ನಗಲು ಶುರುಮಾಡುತ್ತಾರೆ. ನಗುವುದಕ್ಕೆ ಕಾರಣವೂ ಇದೆಯೆನ್ನಿ. ಹಲ್ಲಿಗಾಗಲಿ ಹಾವಿಗಾಗಲಿ ಮೊಸಳೆಗಾಗಲಿ ಹಕ್ಕಿಗಾಗಲಿ ಹೊರಗೆ ಚಾಚಿದ ಕಿವಿ ಇಲ್ಲ. ಡೈನೋಸಾರ್‌ಗಳೂ ಅದೇ ಬಳಗದವು. ಕಿವಿಯ ಹಾಲೆ ಎಂಬುದು ಹಸು, ನಾಯಿ, ಆನೆ, ನಾವು, ಇಂಥ ಹಾಲೂಡುವ ಪ್ರಾಣಿಗಳ ಸೊತ್ತು. ಶಾಲೆಗೆ ಹೋಗುವ ಈಗಿನ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಬಲ್ಲವು.

ನನಗೆ ಮಾತ್ರ ಆ ಕಿವಿಯ ಮೇಲೆ ಬಹಳ ಪ್ರೀತಿ. ನಾಯಿಯ ಮನಸ್ಸು ನಮಗೆ ತಿಳಿಯುವುದು ಅದರ ಕಿವಿ ಬಾಲಗಳಿಂದ. ಕರುವಿನ ಭಯ ಅದರ ಕಿವಿಯಲ್ಲಿ ಕಾಣುತ್ತದೆ. ಮೊಸಳೆಯ ಮುಖದಲ್ಲಿ ಏನೂ ಕಾಣುವುದಿಲ್ಲ. ಅದು ನಿದ್ದೆಯಲ್ಲಿದೆಯೋ ಹೊಂಚುಹಾಕಿದೆಯೋ ಯಾರು ಹೇಳಬಲ್ಲರು? ಗೋರ್ಗೋನನ್ನು ಕಟ್ಟಿದವರು ಗೊತ್ತಿದ್ದೇ ಕಿವಿ ಇಟ್ಟರೋ ಗೊತ್ತಿಲ್ಲದೆಯೋ, ಆ ಎರಡು ರಬ್ಬರಿನ ಹಾಳೆಗಳಿಂದ ಪ್ರಾಣಿಗೆ ಮುಖಭಾವ ಬಂತು. ಬಲೆಯೊಳಗೆ ಸಿಕ್ಕಿಬಿದ್ದು ಮಲಗಿದಾಗ ಅದು ನಮ್ಮ ಹಟ್ಟಿಯಲ್ಲಿ ಕಾಣುವ ಯಾವುದೋ ಪ್ರಾಣಿಯ ನೆಂಟನಂತೆ ಕಾಣುತ್ತದೆ.

'ಗೋರ್ಗೋ' 1961ರ ಬ್ರಿಟಿಷ್ ಚಿತ್ರ. ಬಣ್ಣದ್ದು, 78 ನಿಮಿಷದ್ದು. ಐರ್ಲೆಂಡಿನ ಆಚೆ ಕಡಲೊಳಗೆ ಜ್ವಾಲಾಮುಖಿ ಸಿಡಿಯುತ್ತದೆ. ಹಡಗಿಗೆ ಪೆಟ್ಟಾಗಿ ಜೋ, ಸ್ಯಾಮ್ ಎಂಬ ಇಬ್ಬರು ನಾರಾ ಎಂಬ ದ್ವೀಪ ಸೇರುತ್ತಾರೆ. ಅಲ್ಲಿ ನೀರೊಳಗಿನಿಂದ 65 ಅಡಿಯ ಪ್ರಾಣಿ ಎದ್ದು ಬರುತ್ತದೆ. ಊರವರು ಉರಿಯುವ ಪಂಜು ಎಸೆದು ಓಡಿಸುತ್ತಾರೆ. ಜೋ ಮತ್ತು ಸ್ಯಾಮ್ ಅದನ್ನು ಬಲೆಯಲ್ಲಿ ಹಿಡಿದು, ಕೇಳಿಕೊಂಡು ಬಂದ ವಿಜ್ಞಾನಿಗಳ ಕೈಗೆ ಕೊಡದೆ, ಲಂಡನ್ನಿಗೆ ಸಾಗಿಸಿ ಸರ್ಕಸ್ಸಿನವನಿಗೆ ಒಪ್ಪಿಸುತ್ತಾರೆ. ಬ್ಯಾಟರ್ಸೀ ಪಾರ್ಕಿನಲ್ಲಿ ಬೇಲಿ ಕಟ್ಟಿ, ಟಿಕೆಟ್ ಇಟ್ಟು ತೋರಿಸುತ್ತಾರೆ. ಅಷ್ಟರಲ್ಲಿ ವಿಜ್ಞಾನಿಗಳ ಲೆಕ್ಕ ಮುಗಿದಿದೆ: ಇದು ಮರಿ, ಬೆಳೆದದ್ದು 200 ಅಡಿ ಇದ್ದೀತು. ತಾಯಿ ಥೇಮ್ಸ್ ನದಿಯಲ್ಲಿ ಮೇಲೇರಿ ಬರುತ್ತಾಳೆ. ಟವರ್ ಬ್ರಿಜ್ ಮುರಿಯುತ್ತದೆ, ಬಿಗ್ ಬೆನ್ ಉರುಳುತ್ತದೆ, ಪಿಕಡಿಲಿಯಲ್ಲಿ ಜನ ದಿಕ್ಕಾಪಾಲಾಗುತ್ತಾರೆ. ಬೇಲಿ ಮುರಿದು ಮರಿಯನ್ನು ಬಿಡಿಸಿಕೊಂಡು ಆಕೆ ಕಡಲಿಗೆ ಹಿಂತಿರುಗುತ್ತಾಳೆ.

ಈ ಚಿತ್ರವನ್ನು ಒಮ್ಮೆ ಮನೆಯವರೆಲ್ಲ ಕೂತು ನೋಡಿದೆವು. ನನ್ನ ಅಣ್ಣನ ಮಗ ಎಂಜಿನಿಯರ್. ಅವನ ಕಣ್ಣಿಗೆ ಬೀಳದ ಕುಂದಿಲ್ಲ. "ಚಿಕ್ಕಪ್ಪ, ಈ ಯುದ್ಧನೌಕೆ ನೋಡಿ, ಬೇರೆ ಯಾವುದೋ ರೀಲಿಂದ ತಂದು ಅಂಟಿಸಿದ್ದಾರೆ. ಬಣ್ಣವೇ ಬೇರೆ ಇದೆ" ಎಂದ. ನಿಜ. ಫಿರಂಗಿ, ವಿಮಾನ, ನೌಕೆಗಳ ದೃಶ್ಯಗಳಲ್ಲಿ ಬಹುಪಾಲು ಹಳೆಯ ಸೇನಾ ಚಿತ್ರಣದಿಂದ ಎತ್ತಿಕೊಂಡವು. ಆಮೇಲೆ ಟವರ್ ಬ್ರಿಜ್ ಬಳಿ ನೀರು ಚಿಮ್ಮಿದಾಗ, "ಬ್ರಿಜ್ ಚಿಕ್ಕದು ಮಾಡಬಹುದು, ನೀರಿನ ಹನಿ ಚಿಕ್ಕದು ಮಾಡೋಕಾಗಲ್ಲ" ಎಂದ. ಅದೂ ನಿಜ. ಮಾದರಿ ಸೇತುವೆಯ ಕಂಬಕ್ಕಿಂತ ದಪ್ಪದ ಹನಿಗಳು ಹಾರಿದರೆ ಕಣ್ಣು ಮೋಸ ಹೋಗುವುದಿಲ್ಲ.

ಆದರೆ ಅವನು ತಪ್ಪು ಎಣಿಸುತ್ತಿದ್ದ ಹಾಗೆಯೇ ನಾನು ಇನ್ನೊಂದನ್ನು ನೋಡುತ್ತಿದ್ದೆ. ಆ ತಾಯಿ ನಡೆಯುವ ನಿಧಾನ. ವೇಷ ತೊಟ್ಟ ಆರಡಿಯ ಮನುಷ್ಯ 200 ಅಡಿಯ ಪ್ರಾಣಿಯಾಗಬೇಕಾದರೆ ಅವನ ನಡಿಗೆಗೆ ತೂಕ ಬರಬೇಕು. ಇದರ ಹಿಂದೆ ಒಂದು ಲೆಕ್ಕವಿದೆ. ವಸ್ತು ಮೇಲಿನಿಂದ ಬೀಳಲು ಹಿಡಿಯುವ ಹೊತ್ತು ಎತ್ತರದ ವರ್ಗಮೂಲದಂತೆ ಹೆಚ್ಚುತ್ತದೆ. ಮೂವತ್ತಾರರಲ್ಲಿ ಒಂದು ಪಾಲಿನಷ್ಟು ಮಾಡಿದ ಗೋಪುರ ನಿಜವಾದ ಗೋಪುರಕ್ಕಿಂತ ಆರು ಪಟ್ಟು ಬೇಗ ನೆಲ ಮುಟ್ಟುತ್ತದೆ. ಹಾಗಾಗಿ ಸೆಕೆಂಡಿಗೆ 24 ಫ್ರೇಮ್ ತೆಗೆಯುವಲ್ಲಿ 144 ಫ್ರೇಮ್ ತೆಗೆದು, ತೋರಿಸುವಾಗ 24ರ ವೇಗಕ್ಕೇ ಇಳಿಸಿದರೆ ಇಟ್ಟಿಗೆ ಇಟ್ಟಿಗೆಯೂ ಭಾರವಾಗಿ ಉರುಳುತ್ತದೆ, ಹೆಜ್ಜೆ ನೆಲಕ್ಕೆ ಇಳಿಯುತ್ತದೆ. ವೇಷದೊಳಗಿನವನಿಗೆ ಇದರಿಂದ ಕಷ್ಟವೇ ಹೆಚ್ಚು. ರಬ್ಬರಿನ ಬಿಸಿಯಲ್ಲಿ, ಬೆಳಕು ಸುರಿಯುವ ಸೆಟ್ಟಿನಲ್ಲಿ, ಕ್ಯಾಮೆರಾದ ವೇಗಕ್ಕೆ ತಕ್ಕಂತೆ ಮೈ ಆಡಿಸಬೇಕು. ಜಪಾನಿನ ಮೊದಲ 'ಗೊಜಿರಾ' ಚಿತ್ರಕ್ಕೆ 1954ರಲ್ಲಿ ಮಾಡಿದ ಮೊದಲ ವೇಷ ಸುಮಾರು 100 ಕಿಲೋ ತೂಗುತ್ತಿತ್ತು. ಅದರೊಳಗಿದ್ದ ಹಾರುವೋ ನಕಾಜಿಮಾ ಪ್ರಾಣಿಗಳ ನಡೆ ಕಲಿಯಲು ಟೋಕಿಯೋದ ಉಯೆನೋ ಮೃಗಾಲಯಕ್ಕೆ ಹೋಗಿ ಗಮನಿಸಿದ್ದರು. ಈ ಶ್ರದ್ಧೆಗೆ ತಲೆಬಾಗದೆ ಇರಲಾರೆ.

ವೇಷ ಎಂದಾಗ ನಮ್ಮ ಕರಾವಳಿಯ ಹುಲಿವೇಷ ನೆನಪಾಗುತ್ತದೆ. ನವರಾತ್ರಿಯಲ್ಲಿ ತಾಸೆಯ ಪೆಟ್ಟಿಗೆ ಕುಣಿಯುವ ಹುಲಿಯನ್ನು ಕಂಡು ಯಾರೂ ಅದು ಕಾಡಿನಿಂದ ಬಂತೆಂದು ನಂಬುವುದಿಲ್ಲ. ಬಣ್ಣ ಹಚ್ಚಿಕೊಂಡವನು ಪಕ್ಕದ ಬೀದಿಯವನು. ಆದರೂ ಹೆಜ್ಜೆ ಸರಿಯಾಗಿ ಬಿದ್ದ ಗಳಿಗೆಯಲ್ಲಿ ಮಗು ತಾಯಿಯ ಸೆರಗಿಗೆ ಸೇರುತ್ತದೆ, ದೊಡ್ಡವರ ಮೈಮೇಲೂ ಕೂದಲು ನಿಲ್ಲುತ್ತದೆ. ಮನುಷ್ಯ ಎಂದೂ ಗೊತ್ತು, ಹುಲಿ ಎಂದೂ ಕಾಣುತ್ತದೆ. ನೋಡುವವನಿಗೆ ಎರಡೂ ಒಟ್ಟಿಗೇ ಸಾಧ್ಯ. ಹಳೆಯ ರಬ್ಬರ್ ಪ್ರಾಣಿಯ ಸಿನಿಮಾಕ್ಕೆ ನಗುವವರಿಗೂ ಮರುಗುವವರಿಗೂ ಜಗಳ ಬೇಕಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಬಹಳ ಸಲ ಅವರಿಬ್ಬರೂ ಒಬ್ಬರೇ.

ಲಂಡನ್ನಿನವರಿಗೆ ತಪ್ಪು ಡೈನೋಸಾರ್‌ಗಳ ಮೇಲಿನ ಪ್ರೀತಿ ಹೊಸದಲ್ಲ. 1854ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಮೊಟ್ಟಮೊದಲ ಬಾರಿಗೆ ಡೈನೋಸಾರ್‌ಗಳನ್ನು ನಿಜಗಾತ್ರದಲ್ಲಿ ಕಟ್ಟಿ ನಿಲ್ಲಿಸಿದ. ಅದಕ್ಕೆ ಮುಂಚೆ, 1853ರ ಡಿಸೆಂಬರ್ 31ರ ರಾತ್ರಿ, ಇಗ್ವಾನೊಡಾನ್‌ನ ಅಚ್ಚಿನೊಳಗೇ ಮೇಜು ಹಾಕಿ ವಿದ್ವಾಂಸರಿಗೆ ಔತಣ ಬಡಿಸಿದ. ಆ ಇಗ್ವಾನೊಡಾನ್‌ನ ಮೂಗಿನ ಮೇಲೆ ಒಂದು ಕೊಂಬಿದೆ. ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೂ ಯಾರೂ ಅದನ್ನು ಒಡೆಯಲಿಲ್ಲ. ಇಂದಿಗೂ ಅವು ನೀರಿನ ದಂಡೆಯಲ್ಲಿ ನಿಂತಿವೆ, ಸರ್ಕಾರ ಅವನ್ನು ಅತಿ ಮುಖ್ಯ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದೆ. ಗೋರ್ಗೋನ ಕಿವಿಯನ್ನು ಆ ಕೊಂಬಿನ ಪಕ್ಕದಲ್ಲಿಟ್ಟು ನೋಡಬೇಕು. ಆಯಾ ಕಾಲದವರು ತಮಗೆ ತಿಳಿದದ್ದರಲ್ಲಿ, ತಮ್ಮ ಕೈಯಲ್ಲಾದಷ್ಟು ದೊಡ್ಡದಾಗಿ, ಎಂದೂ ಕಾಣದ ಜೀವಿಯನ್ನು ಕಣ್ಮುಂದೆ ತರಲು ಹೊರಟ ಗುರುತು ಎರಡೂ.

ಈಗ ಈ ಚಿತ್ರ ಮಾಡಿದವನ ಸುದ್ದಿ. ಯುಜೀನ್ ಲೂರಿಯೆ ಉಕ್ರೇನಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರು ಮಾಡಿದ ಕಲಾ ನಿರ್ದೇಶಕ. ಜಾನ್ ರೆನ್ವಾರ 'ಲಾ ಗ್ರಾಂದ್ ಇಲ್ಯೂಜನ್' ಚಿತ್ರಕ್ಕೆ, 'ದಿ ರೂಲ್ಸ್ ಆಫ್ ದಿ ಗೇಮ್' ಚಿತ್ರಕ್ಕೆ ಸೆಟ್ ಹಾಕಿದವನು. ಚಾಪ್ಲಿನ್ನರ 'ಲೈಮ್‌ಲೈಟ್'ಗೂ ಅವನದೇ ಕಲೆ. ರೆನ್ವಾ 'ದಿ ರಿವರ್' ತೆಗೆಯಲು ಕಲ್ಕತ್ತೆಯ ಹತ್ತಿರ ಹೂಗ್ಲಿ ದಂಡೆಗೆ ಬಂದಾಗ ಲೂರಿಯೆಯೂ ಬಂದಿದ್ದ. ಅವನ ಕೈಕೆಳಗೆ ಕೆಲಸ ಕಲಿತ ತರುಣ ಬನ್ಸಿ ಚಂದ್ರಗುಪ್ತ. ಮುಂದೆ 'ಪಥೇರ್ ಪಾಂಚಾಲಿ'ಯ ಆ ಮುರುಕು ಮನೆ, ಅಂಗಳಗಳನ್ನು ಸತ್ಯಜಿತ್ ರಾಯ್ ಅವರಿಗೆ ಒದಗಿಸಿದ್ದು ಇದೇ ಬನ್ಸಿ. ರಬ್ಬರ್ ಡೈನೋಸಾರ್‌ಗೂ ಅಪುವಿನ ಮನೆಗೂ ಒಂದೇ ಗುರುಪರಂಪರೆ ಎಂದರೆ ನಂಬಿಕೆ ಬರದಿದ್ದರೂ ಸಂಗತಿ ಹಾಗಿದೆ. ಗೋರ್ಗೋಗೆ ಕ್ಯಾಮೆರಾ ಹಿಡಿದವರು ಫ್ರೆಡ್ಡಿ ಯಂಗ್. ಮಾರನೆಯ ವರ್ಷ ಬಂದ 'ಲಾರೆನ್ಸ್ ಆಫ್ ಅರೇಬಿಯಾ'ದ ಮರಳುಗಾಡನ್ನು ನಮಗೆ ತೋರಿಸಿದವರು ಅವರೇ. ನಾರಾ ದ್ವೀಪದ ರಾತ್ರಿಗಳಲ್ಲಿ, ಪಂಜಿನ ಬೆಳಕು ಒದ್ದೆ ಬಂಡೆಯ ಮೇಲೆ ಬೀಳುವಲ್ಲಿ, ಆ ಕೈ ಎದ್ದು ಕಾಣುತ್ತದೆ.

ಲೂರಿಯೆ ಸ್ವತಃ ನಿರ್ದೇಶನಕ್ಕೆ ಇಳಿದದ್ದು 1953ರ 'ದಿ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್' ಚಿತ್ರದಿಂದ. ಅಣುಬಾಂಬ್ ಪರೀಕ್ಷೆಗೆ ಉತ್ತರ ಧ್ರುವದ ಹಿಮ ಕರಗಿ ಎದ್ದ ಪ್ರಾಣಿ ನ್ಯೂಯಾರ್ಕಿಗೆ ಬರುತ್ತದೆ. ಇಂಚಿಂಚು ಸರಿಸಿ ಅದಕ್ಕೆ ಜೀವ ಕೊಟ್ಟವರು ರೇ ಹ್ಯಾರಿಹೌಸನ್. ಕೋನಿ ಐಲೆಂಡಿನ ರೋಲರ್ ಕೋಸ್ಟರ್ ನಡುವೆ, ವಿಕಿರಣದ ಗುಂಡು ತಗುಲಿ, ಬೆಂಕಿಯಲ್ಲಿ ಅದು ಸಾಯುತ್ತದೆ. ಜನ ಮುಗಿಬಿದ್ದು ನೋಡಿದರು, ದುಡ್ಡೂ ಬಂತು. ಆದರೆ ಲೂರಿಯೆಯ ಪುಟ್ಟ ಮಗಳು ಚಿತ್ರಮಂದಿರದಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಒಳ್ಳೆಯ ಪ್ರಾಣಿಯನ್ನು ಅಪ್ಪ ಕೊಂದುಬಿಟ್ಟನೆಂದು ಅವಳ ದೂರು. ಈ ಮಾತು ಅವನನ್ನು ಬಿಡಲಿಲ್ಲ. ಪ್ರಾಣಿ ಸಾಯದ ಒಂದು ಕಥೆ ಮಾಡುತ್ತೇನೆಂದು ಮನಸ್ಸು ಮಾಡಿದ. ಅದೇ ಗೋರ್ಗೋ ಆಯಿತು.

ಸಿನಿಮಾ ಚರಿತ್ರೆಯಲ್ಲಿ ವಿಮರ್ಶಕರ ಮಾತಿಗೆ ಬೆಲೆ ಕೊಟ್ಟು ಮುಂದಿನ ಚಿತ್ರ ತಿದ್ದಿಕೊಂಡವರಿದ್ದಾರೆ, ಹಣ ಹಾಕಿದವರ ಮಾತಿಗೆ ಕಥೆ ಬದಲಿಸಿದವರಂತೂ ಲೆಕ್ಕವಿಲ್ಲದಷ್ಟು. ಅಳುವ ಮಗುವೊಂದರ ಅಭಿಪ್ರಾಯಕ್ಕೆ ಇಷ್ಟು ಪೂರಾ ಉತ್ತರ ಕೊಟ್ಟ ಇನ್ನೊಂದು ಚಿತ್ರ ನನಗೆ ತಿಳಿದಿಲ್ಲ. ಅದಕ್ಕೂ ಮುಂಚೆ ಇಂಥ ಚಿತ್ರಗಳಲ್ಲಿ ಪ್ರಾಣಿಯ ಹಣೆಬರಹ ಬಹುಮಟ್ಟಿಗೆ ಒಂದೇ. 1933ರಲ್ಲಿ ಕಿಂಗ್ ಕಾಂಗ್ ಎಂಪೈರ್ ಸ್ಟೇಟ್ ಕಟ್ಟಡದಿಂದ ಬಿದ್ದು ಸತ್ತ. 1954ರಲ್ಲಿ ಗೊಜಿರಾ ಟೋಕಿಯೋ ಕೊಲ್ಲಿಯ ತಳದಲ್ಲಿ ಸತ್ತ. ಮನುಷ್ಯರು ಎಬ್ಬಿಸಿದ್ದು, ಮನುಷ್ಯರು ಹಿಡಿದದ್ದು, ಕೊನೆಗೆ ಮನುಷ್ಯರೇ ಕೊಂದದ್ದು. ಲೂರಿಯೆ ಇನ್ನೂ ಒಂದು ಮಾಡಿದ. ಮೊದಲ ಚಿತ್ರದಲ್ಲಿ ಪ್ರಾಣಿ ಸತ್ತದ್ದು ಜನ ಮೋಜಿಗೆ ಬರುವ ಬಯಲಿನಲ್ಲಿ. ಗೋರ್ಗೋ ಬಿಡುಗಡೆಯಾದದ್ದೂ ಅಂಥದೇ ಮೋಜಿನ ಬಯಲಿನಿಂದ. ಮಗಳು ಅತ್ತ ಜಾಗಕ್ಕೇ ಅವನು ಹಿಂತಿರುಗಿ ಬಂದು ಬೇಲಿ ಮುರಿದ ಎಂದು ನನಗನ್ನಿಸುತ್ತದೆ.

ನಿರ್ಮಾಪಕರಾದ ಕಿಂಗ್ ಸಹೋದರರ ಬಗ್ಗೆಯೂ ಒಂದು ಮಾತು ಹೇಳಬೇಕು. ಅಗ್ಗದ ಚಿತ್ರಗಳಿಗೆ ಹೆಸರಾದವರು ಅವರು. ಆದರೆ ಅಮೆರಿಕದಲ್ಲಿ ಕಮ್ಯುನಿಸ್ಟರೆಂಬ ಆರೋಪಕ್ಕೆ ಗುರಿಯಾಗಿ ಕೆಲಸ ಕಳೆದುಕೊಂಡ ಲೇಖಕರಿಗೆ ಬೇರೆ ಹೆಸರಿನಲ್ಲಿ ಕೆಲಸ ಕೊಟ್ಟವರೂ ಅವರೇ. 1956ರ ಅವರ 'ದಿ ಬ್ರೇವ್ ವನ್' ಒಬ್ಬ ಹುಡುಗ ಮತ್ತು ಅವನ ಹೋರಿಯ ಕಥೆ. ಬರೆದವನ ಹೆಸರು ರಾಬರ್ಟ್ ರಿಚ್. ಆಸ್ಕರ್ ಬಂತು, ಆದರೆ ಆ ಹೆಸರಿನ ಲೇಖಕ ಇರಲೇ ಇಲ್ಲ. ಬರೆದವರು ಡಾಲ್ಟನ್ ಟ್ರಂಬೊ, ಪ್ರಶಸ್ತಿ ಅವರ ಕೈಸೇರಿದ್ದು 1975ರಲ್ಲಿ. ಗೋರ್ಗೋದ ಚಿತ್ರಕಥೆಯ ಮೇಲಿರುವ ಎರಡು ಹೆಸರುಗಳೂ ಹಾಗೆಯೇ ಕಟ್ಟಿಕೊಂಡವು, ಅವುಗಳ ಹಿಂದೆ ಮುಚ್ಚಿಟ್ಟುಕೊಂಡವರು ರಾಬರ್ಟ್ ಎಲ್. ರಿಚರ್ಡ್ಸ್ ಮತ್ತು ಡೇನಿಯಲ್ ಜೇಮ್ಸ್. ಬೇಟೆಗೆ ಸಿಕ್ಕಿದವರು ಬೇಟೆಯ ಕಥೆ ಬರೆದಾಗ ಬಲೆಯೊಳಗಿನ ಜೀವದ ಕಡೆಗೆ ಕಣ್ಣು ಹೊರಳುವುದು ಸಹಜ.

ಇರಲಿ, ನಮ್ಮ ಮನೆಯ ಪಡಸಾಲೆಗೆ ಬರೋಣ. ಗೋರ್ಗೋನನ್ನು ಲಾರಿಯ ಮೇಲೆ ಮಲಗಿಸಿ, ಬಲೆ ಬಿಗಿದು, ಲಂಡನ್ನಿನ ಬೀದಿಯಲ್ಲಿ ಮೆರವಣಿಗೆ ತರುತ್ತಿದ್ದರು. ಅಣ್ಣನ ಮಗ ಇನ್ನೂ ನಗುತ್ತಿದ್ದ. ದೊಡ್ಡಮ್ಮನಿಗೆ ಇಂಗ್ಲಿಷ್ ಬಾರದು. ಅಲ್ಲಿಯವರೆಗೆ ಅವರು ಒಂದು ಮಾತೂ ಆಡಿರಲಿಲ್ಲ.

"ಅಲ್ಲ ಕಣೋ, ಇದು ಮರಿ ಅಲ್ವಾ? ಇದರ ತಾಯಿ ಎಲ್ಲಿ?" ಎಂದರು.

ವಿಜ್ಞಾನಿಗಳ ಲೆಕ್ಕ ಚಿತ್ರದಲ್ಲಿ ಬರಲು ಇನ್ನೂ ಹೊತ್ತಿತ್ತು.

"ಬರ್ತಾಳೆ ದೊಡ್ಡಮ್ಮ, ಸ್ವಲ್ಪ ತಾಳಿ" ಎಂದೆ.

"ಬರಲೇಬೇಕಲ್ಲ" ಎಂದು ಅವರು ಕಾಲು ಮಡಿಸಿ ನೆಟ್ಟಗೆ ಕೂತರು. ಆಮೇಲೆ ಟವರ್ ಬ್ರಿಜ್ ಮುರಿದಾಗ ಬೇರೆಯವರಿಗೆಲ್ಲ ಅದು ಮಾದರಿ ಸೇತುವೆ. ಅವರಿಗೆ ದಾರಿಗೆ ಅಡ್ಡ ಬಂದ ಒಂದು ವಸ್ತು. ಅಣ್ಣನ ಮಗಳ ಮಗು ದೊಡ್ಡಮ್ಮನ ಮಡಿಲಿಗೆ ಸರಿದು, "ಅಜ್ಜಿ, ಅಮ್ಮನಿಗೆ ದಾರಿ ಗೊತ್ತಾ?" ಎಂದು ಪಿಸುಗುಟ್ಟಿತು. ಕೊನೆಯ ಹತ್ತು ನಿಮಿಷ ಯಾರೂ ನೀರಿನ ಹನಿಯ ಗಾತ್ರ ಅಳೆಯಲಿಲ್ಲ.

ಇಂಥ ಚಿತ್ರಗಳನ್ನು ಗೇಲಿ ಮಾಡುತ್ತ ನೋಡುವುದೇ ಅಮೆರಿಕದಲ್ಲಿ ಒಂದು ಕಲೆಯಾಗಿ ಬೆಳೆಯಿತು. 1988ರಲ್ಲಿ ಮಿನ್ನಿಯಾಪೊಲಿಸ್‌ನ ಸಣ್ಣ ಟಿವಿ ವಾಹಿನಿಯಲ್ಲಿ ಶುರುವಾದ 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಕಾರ್ಯಕ್ರಮದಲ್ಲಿ ಒಬ್ಬ ಮನುಷ್ಯ, ಎರಡು ಬೊಂಬೆ ರೋಬೋಟ್‌ಗಳು ಪರದೆಯ ಕೆಳತುದಿಯಲ್ಲಿ ನೆರಳಾಗಿ ಕೂತು, ಚಿತ್ರ ಓಡುತ್ತಿರುವಾಗಲೇ ಮಾತು ತೂರಿಸುತ್ತಾರೆ. 1998ರಲ್ಲಿ ಗೋರ್ಗೋ ಅವರ ಸರದಿಗೆ ಬಂತು. ಚಿತ್ರವಿಮರ್ಶಕ ಲೆನಾರ್ಡ್ ಮಾಲ್ಟಿನ್ ಕೂಡ ಆ ಕಂತಿನಲ್ಲಿ ಬಂದು ಹೋದರು. ಅದಕ್ಕೆ ನನ್ನ ತಕರಾರಿಲ್ಲ. ಮಾತು ತೂರಿಸಬೇಕಾದರೆ ಚಿತ್ರವನ್ನು ಒಂದೊಂದು ದೃಶ್ಯವಾಗಿ ಮತ್ತೆ ಮತ್ತೆ ನೋಡಿರಬೇಕು. ಅಷ್ಟು ಗಮನ ಎಷ್ಟೋ ಗಂಭೀರ ಚಿತ್ರಗಳಿಗೂ ದಕ್ಕುವುದಿಲ್ಲ. ಕಥೆಯಲ್ಲಿ ಹೇಳಿಕೊಳ್ಳುವಂಥ ಹೆಂಗಸಿನ ಪಾತ್ರವೇ ಇಲ್ಲ ಎಂಬ ಕೊರತೆ ನೋಡುವವರಿಗೆ ಬೇಗ ತಟ್ಟುತ್ತದೆ. ಅದು ನ್ಯಾಯವಾದ ಮಾತೇ. ಒಬ್ಬಳಿದ್ದಾಳೆ, ಅವಳು 200 ಅಡಿ ಎತ್ತರ, ಚಿತ್ರದ ಕೊನೆಯ ಪಾಲನ್ನು ಪೂರ್ತಿ ಹೊತ್ತವಳು.

ಒಂದು ಆಕ್ಷೇಪಣೆ ಮಾತ್ರ ನನ್ನನ್ನು ಯೋಚನೆಗೆ ಹಚ್ಚುತ್ತದೆ. ತಾಯಿ ಮಗು ಒಂದಾದರು ಸರಿ, ಕಾಲ್ತುಳಿತಕ್ಕೆ ಸತ್ತ ಲಂಡನ್ನಿನವರ ಮಕ್ಕಳು ಮಕ್ಕಳಲ್ಲವೇ? ಇದನ್ನು ಕೇಳುವವರು ಚಿತ್ರವನ್ನು ಸರಿಯಾಗಿ ನೋಡಿದವರು. ಜನ ನೆಲದಡಿಯ ರೈಲು ನಿಲ್ದಾಣಕ್ಕೆ ನುಗ್ಗುವುದು, ಗೋಡೆ ಕುಸಿಯುವುದು, ಕಟ್ಟಡ ಹೊತ್ತಿ ಉರಿಯುವುದು, ಇವೆಲ್ಲ 1961ರ ಲಂಡನ್ನಿನವನಿಗೆ ಕಲ್ಪನೆಯಲ್ಲ. 1940ರ ಸೆಪ್ಟೆಂಬರಿನಿಂದ 1941ರ ಮೇವರೆಗೆ ಜರ್ಮನ್ ವಿಮಾನಗಳು ಬಾಂಬು ಸುರಿದಾಗ ಅವನು ಅವೇ ನಿಲ್ದಾಣಗಳಲ್ಲಿ ಮಲಗಿದ್ದ. ಇಪ್ಪತ್ತು ವರ್ಷದ ಮೇಲೆ ಅದೇ ಓಟವನ್ನು ಪರದೆಯ ಮೇಲೆ ನೋಡಲು ಟಿಕೆಟ್ ಕೊಂಡು ಬಂದ. ಗೊಜಿರಾ ನೋಡಿದ ಜಪಾನಿನವರ ಕಥೆಯೂ ಇದೇ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದ ಬಾಂಬ್ ಪರೀಕ್ಷೆಯ ಬೂದಿ 23 ಮೀನುಗಾರರ ದೋಣಿಯ ಮೇಲೆ ಬಿತ್ತು, ಸೆಪ್ಟೆಂಬರಿನಲ್ಲಿ ಅವರಲ್ಲೊಬ್ಬ ಸತ್ತ, ನವೆಂಬರಿನಲ್ಲಿ ಚಿತ್ರ ಬಂತು. ಸುಮಾರು 96 ಲಕ್ಷ ಜನ ನೋಡಿದರು. ಕಂಡುಂಡ ಕೇಡನ್ನು ರಬ್ಬರ್ ತೊಡಿಸಿ ಎದುರಿಗೆ ನಿಲ್ಲಿಸಿದರೆ ಅದರ ಮುಖ ನೋಡುವ ಧೈರ್ಯ ಬರುತ್ತದೇನೋ. ಗೋರ್ಗೋದಲ್ಲಿ ಸಾವಿಗೆ ಲೆಕ್ಕ ಬರೆಯುವುದಾದರೆ ಆ ಲೆಕ್ಕ ಹಿಡಿದು ತಂದವರ ಮತ್ತು ಟಿಕೆಟ್ ಮಾರಿದವರ ಹೆಸರಿಗೆ ಹೋಗಬೇಕು. ಚಿತ್ರವೂ ಅದನ್ನು ಮುಚ್ಚಿಡುವುದಿಲ್ಲ.

ಕಿವಿ ತಪ್ಪು ಎಂದೆವಲ್ಲ. ತಾಯಿಯ ವಿಷಯದಲ್ಲಿ ಈ ಚಿತ್ರ ವಿಜ್ಞಾನಕ್ಕಿಂತ ಮುಂದಿತ್ತು. ಡೈನೋಸಾರ್ ಎಂದರೆ ಮೊಟ್ಟೆ ಇಟ್ಟು ಹೊರಟುಹೋಗುವ ದಡ್ಡ ಜೀವಿ ಎಂದು ಆಗ ಬಹುಮಂದಿ ತಿಳಿದಿದ್ದರು. 1923ರಲ್ಲಿ ಮಂಗೋಲಿಯಾದಲ್ಲಿ ಮೊಟ್ಟೆಗಳ ಮೇಲೆ ಸಿಕ್ಕ ಒಂದು ಎಲುಬುಗೂಡಿಗೆ ಮೊಟ್ಟೆ ಕದಿಯಲು ಬಂದದ್ದೆಂಬ ಆರೋಪವನ್ನೇ ಹೊರಿಸಿದರು. 1990ರ ದಶಕದಲ್ಲಿ ಮೊಟ್ಟೆಯೊಳಗಿನ ಭ್ರೂಣ ಸಿಕ್ಕಿ, ಕಾವು ಕೂತಲ್ಲೇ ಸತ್ತ ಅದೇ ಬಳಗದ ಇನ್ನೊಂದು ಡೈನೋಸಾರ್ ಸಿಕ್ಕಿ, ಆರೋಪ ಬಿದ್ದುಹೋಯಿತು, ಮೊಟ್ಟೆಗಳು ಅದರವೇ. ಅಮೆರಿಕದ ಮಾಂಟಾನಾದಲ್ಲಿ 1978ರಲ್ಲಿ ಸಿಕ್ಕ ಮಾಯಸೌರ ಗೂಡುಗಳಲ್ಲಿ, ನಡೆಯಲು ಕಾಲು ಇನ್ನೂ ಗಟ್ಟಿಯಾಗದ ಮರಿಗಳಿದ್ದವು, ಅವುಗಳ ಹಲ್ಲು ಮಾತ್ರ ಆಗಲೇ ಸವೆದಿತ್ತು. ಯಾರೋ ಮೇವು ತಂದು ಕೊಟ್ಟಿರಲೇಬೇಕು. ಗೋರ್ಗೋದ ತಾಯಿ ಥೇಮ್ಸ್ ಏರಿ ಬಂದು ಹದಿನೇಳು ವರ್ಷವಾದ ಮೇಲೆ ಸಿಕ್ಕ ಸಾಕ್ಷಿ ಇದು. ಮಗುವಿನ ಕಣ್ಣೀರು, ದೊಡ್ಡಮ್ಮನ ಪ್ರಶ್ನೆ, ಇವೆರಡರ ಜಾಡಿನಲ್ಲೇ ಕಲ್ಲಿನಲ್ಲಿ ಹುದುಗಿದ್ದ ಸತ್ಯವೂ ಸಿಕ್ಕಿತು.

ಇನ್ನು ಜೋ ಪಾತ್ರ ಮಾಡಿದ ಬಿಲ್ ಟ್ರಾವರ್ಸ್. ಸ್ಯಾಮ್‌ಗೆ ಆಗೊಮ್ಮೆ ಈಗೊಮ್ಮೆ ಅಳುಕು ಕಾಡುತ್ತದೆ. ಜೋಗೆ ದುಡ್ಡೇ ಮುಖ್ಯ. ಈ ಟ್ರಾವರ್ಸ್ 1966ರ 'ಬಾರ್ನ್ ಫ್ರೀ' ಚಿತ್ರಕ್ಕಾಗಿ ಹೆಂಡತಿ ವರ್ಜೀನಿಯಾ ಮೆಕೆನ್ನಾ ಜೊತೆ ಕೀನ್ಯಾಕ್ಕೆ ಹೋಗಿ ಸಿಂಹಗಳ ನಡುವೆ ನಟಿಸಿದರು. ಆಮೇಲೆ ಅವರೊಂದಿಗೆ ಇನ್ನೊಂದು ಚಿತ್ರದಲ್ಲಿ ಪೋಲೆ ಪೋಲೆ ಎಂಬ ಆನೆಮರಿ ನಟಿಸಿತು. ಅದನ್ನು ಲಂಡನ್ ಮೃಗಾಲಯಕ್ಕೆ ಉಡುಗೊರೆಯಾಗಿ ಕಳಿಸಲಾಯಿತು, ಅಲ್ಲಿಯೇ 1983ರಲ್ಲಿ ಸತ್ತಿತು. ಮಾರನೆಯ ವರ್ಷವೇ ದಂಪತಿ ಪ್ರಾಣಿಗಳ ಸೆರೆವಾಸದ ವಿರುದ್ಧ ಸಂಘಟನೆ ಕಟ್ಟಿದರು. ಅದೇ ಮುಂದೆ ಬಾರ್ನ್ ಫ್ರೀ ಪ್ರತಿಷ್ಠಾನವಾಯಿತು. ಯುರೋಪಿನ ಸರ್ಕಸ್ಸು, ಮೃಗಾಲಯಗಳ ಬೋನಿನಿಂದ ಬಿಡಿಸಿದ ಹುಲಿಗಳನ್ನು ಈ ಸಂಸ್ಥೆ ವಿಮಾನದಲ್ಲಿ ತಂದು ಇರಿಸಿದ್ದು ಎಲ್ಲಿ ಅಂತೀರಿ? ನಮ್ಮ ಬನ್ನೇರುಘಟ್ಟದಲ್ಲಿ. ಬ್ಯಾಟರ್ಸೀ ಪಾರ್ಕಿನ ಬೇಲಿಯ ಮುಂದೆ ಟಿಕೆಟ್ ಮಾರಿಸಿದ ಜೋ ಎಲ್ಲಿ, ಹುಲಿಗೆ ಮರದ ನೆರಳು ಕೊಡಿಸಿದ ಈ ಮನುಷ್ಯ ಎಲ್ಲಿ! ಟ್ರಾವರ್ಸ್ 1994ರಲ್ಲಿ ತೀರಿಕೊಂಡರು. ಕೆಲಸವನ್ನು ಮುಂದಕ್ಕೆ ಒಯ್ದವರು ಮೆಕೆನ್ನಾ ಮತ್ತು ಮಗ ವಿಲ್.

ಗೋರ್ಗೋ ನೋಡಿ ಇಷ್ಟವಾದವರಿಗೆ ಜಪಾನಿನವರು 1967ರಲ್ಲಿ ತೆಗೆದ 'ಗಪ್ಪಾ' ಇದೆ. ಅಲ್ಲೂ ಕದ್ದೊಯ್ದ ಮರಿ. ಹುಡುಕಿಕೊಂಡು ಬರುವವರು ಮಾತ್ರ ಅಪ್ಪ ಅಮ್ಮ ಇಬ್ಬರೂ. ನಮ್ಮ ಮನೆಯ ಮಗು ಅದನ್ನು ಆಗಲೇ ಕೇಳಿ ಇಟ್ಟಿದೆ, ದೊಡ್ಡಮ್ಮನ ಊಟ ಆದ ಮೇಲೆಯೇ ಹಾಕಬೇಕಂತೆ.